ನಲವತ್ತು ಕಡ್ಡಿಯ ಹಿಂದಿನ ಗಾಲಿ

ಪುಟ್ಟಿ, ಚಿನ್ನು, ನೀವಿಬ್ಬರೂ ಕೋಲಿನಿಂದ ಹೊಡೆಯುತ್ತಾ ಆವರಗೆರೆ ರಸ್ತೆಯವರೆಗೆ ಉರುಳಿಸಿಕೊಂಡು ಹೋಗುತ್ತಿದ್ದ ಕಬ್ಬಿಣದ ರಿಮ್ಮು ಎಲ್ಲಿ ಹೋಯಿತು ಎಂದು ಕೇಳುತ್ತಲೇ ಇದ್ದೀರಿ. ಹರಿಹರಕ್ಕೆ ಕೊಟ್ಟುಬಂದೆ ಎಂದಷ್ಟೇ ಹೇಳಿದ್ದೇನೆ. ಯಾಕೆ ಕೊಟ್ಟೆ ಎಂಬುದನ್ನು ನಿಮ್ಮ ಮುಖ ನೋಡಿ ಹೇಳಲು ನನ್ನಿಂದ ಆಗಲಿಲ್ಲ. ಎರಡು ಸಲ ಬಾಯಿ ತೆರೆದೆ, ಎರಡು ಸಲವೂ ಊಟಕ್ಕೆ ಕರೆದು ಸುಮ್ಮನಾದೆ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಓದಿದ್ದು ಹೊಳೆದಂಡೆಯ ಹಳ್ಳಿಯ ಶಾಲೆಯಲ್ಲಿ, ಏಳನೆಯ ತರಗತಿವರೆಗೆ. ಒತ್ತಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದಿ.

ನನ್ನ ಮದುವೆಯಾದಾಗ ದಾವಣಗೆರೆಯ ಆನೆಕೊಂಡದ ಈ ಮನೆ ಹೀಗಿರಲಿಲ್ಲ. ಮುಂದೆ ನಿಮ್ಮ ಅಜ್ಜನ ಸೈಕಲ್ ಅಂಗಡಿ, ಹಿಂದೆ ಎರಡು ಕೋಣೆ, ನಡುವೆ ಒಂದು ಹಸಿರು ಪರದೆ. ಅಂಗಡಿಯ ಕಡೆ ಹೆಂಗಸರು ಕಾಣಿಸಿಕೊಳ್ಳುವ ರೂಢಿ ಇರಲಿಲ್ಲ. ಯಾರೂ ಬೇಡ ಎಂದು ಹೇಳಿದ್ದಲ್ಲ, ನನಗೇ ನಾಚಿಕೆ. ಗಿರಾಕಿಗಳು ನೀರು ಕೇಳಿದರೆ ಚೊಂಬನ್ನು ಪರದೆಯ ಸಂದಿಯಿಂದ ಚಾಚುತ್ತಿದ್ದೆ. ನನ್ನ ಕೈ ಮಾತ್ರ ನೋಡಿದವರು ಆ ಕಾಲದಲ್ಲಿ ಬಹಳ ಮಂದಿ ಇದ್ದಾರು.

ಅಜ್ಜನಿಗೆ ಚಿಕ್ಕ ವಯಸ್ಸಿಗೇ ಬೆನ್ನುನೋವು. ಕಡ್ಡಿ, ಅಂದರೆ ಸ್ಪೋಕು, ಬಿಗಿ ಮಾಡಿ ಗಾಲಿಯ ಬೆಂಡ್ ತೆಗೆಯುವುದು ಬಗ್ಗಿ ಕುಳಿತು ಮಾಡುವ ಕೆಲಸ. ಒಂದು ದಿನ ಅವರು ಮುಂದಿನ ಗಾಲಿ ಹಿಡಿಯುವ ಹಳೆಯ ಫೋರ್ಕೊಂದನ್ನು ತಲೆಕೆಳಗಾಗಿ ಹಲಗೆಗೆ ಹೊಡೆದು, ಒಳಗೆ ಒರಳುಕಲ್ಲಿನ ಪಕ್ಕ ತಂದಿಟ್ಟರು. ಅದರಲ್ಲಿ ಗಾಲಿ ಸಿಕ್ಕಿಸಿ ತಿರುಗಿಸಿ, ಪಕ್ಕದಲ್ಲಿ ಸೀಮೆಸುಣ್ಣ ಹಿಡಿದು, "ಬಿಳಿ ಗೀಟು ಎಲ್ಲಿ ಬೀಳ್ತೈತೆ ನೋಡು. ಅಲ್ಲಿ ಎದುರಿನ ಕಡ್ಡಿ ಬಿಗಿ ಮಾಡು. ಅರ್ಧ ಸುತ್ತು ಸಾಕು, ಕಾಲು ಸುತ್ತಾದ್ರೆ ಇನ್ನೂ ಚಲೋ," ಎಂದರು. ನಿಮ್ಮ ಅಪ್ಪ ಆಗ ತೊಟ್ಟಿಲಲ್ಲಿ. ಒಂದು ಕಾಲಿನಲ್ಲಿ ತೊಟ್ಟಿಲ ಹಗ್ಗ, ಕೈಯಲ್ಲಿ ಕಡ್ಡಿ ತಿರುಗಿಸುವ ಕೀ.

ಹೀಗೆ ಕಲಿತೆ. ಒಳಗೆ ನಾನು ಸರಿಮಾಡಿದ ಗಾಲಿ ಪರದೆಯ ಆಚೆ ಅವರ ಕೈಯಿಂದ ಹೋಗುತ್ತಿತ್ತು. ಊರಲ್ಲಿ ಅವರಿಗೆ ಗಾಲಿಯ ಹೆಸರು ಬಂತು. ನನಗೆ ಅದು ಹಿತವಾಗಿತ್ತು. ಅವರ ಕೈ ನಡುಗತೊಡಗಿದ ಮೇಲೆ, ಕೊನೆಯ ಕೆಲವು ವರ್ಷದಲ್ಲಿ ನಾನು ಈ ಕೆಲಸಕ್ಕೆ ಕುಳಿತೆ ಎಂದೇ ಎಲ್ಲರೂ ತಿಳಿದಿದ್ದರು. ನಿಮ್ಮ ಅಪ್ಪ ಶಾಲೆಗೆ ಹೋದ ಹೊತ್ತಿನಲ್ಲೇ ನಾನು ಕೀ ಹಿಡಿಯುತ್ತಿದ್ದೆ, ಅವನೂ ಹಾಗೇ ತಿಳಿದಿದ್ದ.

ಹಳೆಯ ಗಾಲಿಯನ್ನು ನೋಡುವ ಬಗೆಯನ್ನೂ ಅಜ್ಜನೇ ಕಲಿಸಿದರು. ಅವರ ಪ್ರಕಾರ ಕಣ್ಣು ಕಡೆಗೆ, ಮೊದಲು ಬೆರಳು ಮತ್ತು ಕಿವಿ. ಒಳ್ಳೆಯ ಗಾಲಿಯನ್ನು ಮೆಲ್ಲಗೆ ತಿರುಗಿಸಿ ಬಿಟ್ಟರೆ ಅದು ಥಟ್ಟನೆ ನಿಲ್ಲುವುದಿಲ್ಲ. ಗಾಳಿ ತುಂಬುವ ವಾಲ್ವಿನ ಭಾರ ಕೆಳಕ್ಕೆ ಎಳೆಯುತ್ತದೆ. ವಾಲ್ವು ಕೆಳಗೆ ಬಂದು, ಆಚೆ ಒಂದಿಷ್ಟು, ಈಚೆ ಒಂದಿಷ್ಟು ತೂಗಿ, ತೊಟ್ಟಿಲು ನಿಂತ ಹಾಗೆ ನಿಲ್ಲಬೇಕು. ಹಾಗೆ ತೂಗದಿದ್ದರೆ ಗಾಲಿಯ ನಡುವಿನ ಹಬ್ಬಿನೊಳಗೆ ಏನೋ ಕೆಟ್ಟಿದೆ ಎಂದು ಅರ್ಥ. ಆಗ ಹಬ್ಬು ಬಿಚ್ಚಿ, ಗುಂಡುಗಳು ಓಡಾಡುವ ಕೋನಿನ ಮೇಲೆ ಉಗುರು ಆಡಿಸಬೇಕು. ಸಿಡುಬಿನ ಕಲೆಯಂತೆ ಎಲ್ಲಿಯಾದರೂ ಉಗುರು ಇಳಿದರೆ ಆ ಕೋನು ಮುಗಿದಂತೆ. ಇನ್ನು ವಿಲಾಯತಿ ರಿಮ್ಮಿನ ಒಳಮೈ ಮೇಲೆ ಬೆರಳು ಎಳೆದರೆ ಬೆಸುಗೆ ಎಲ್ಲಿದೆ ಎಂದೇ ಗೊತ್ತಾಗುವುದಿಲ್ಲ. ನಮ್ಮ ಅಂಗಡಿಗೆ ಬರುತ್ತಿದ್ದ ಬೇರೆ ರಿಮ್ಮುಗಳಲ್ಲಿ ಆ ಜಾಗದಲ್ಲಿ ಅಕ್ಕಿಕಾಳಿನಷ್ಟು ಉಬ್ಬು ಬೆರಳಿಗೆ ಸಿಗುತ್ತಿತ್ತು. ಮೇಲಿನ ಹೊಳಪು ನೋಡಿ ಮೋಸಹೋಗಬೇಡ ಎನ್ನುತ್ತಿದ್ದರು. ಹೊಳಪನ್ನು ಹುಣಸೆಹಣ್ಣು ಹಾಕಿ ಯಾರು ಬೇಕಾದರೂ ತರಬಹುದು.

ಕಿವಿಯ ವಿಷಯದಲ್ಲಿ ನನಗೆ ಸ್ವಲ್ಪ ಜಂಭವಿತ್ತು. ನಮ್ಮ ಹಳ್ಳಿಯಲ್ಲಿ ಸೋಮವಾರದ ಭಜನೆಗೆ ನನ್ನ ಅಪ್ಪ ಏಕತಾರಿ ಹಿಡಿಯುತ್ತಿದ್ದ. ಸ್ವರ ಕೂದಲೆಳೆಯಷ್ಟು ಇಳಿದರೂ ನನಗೆ ತಿಳಿಯುತ್ತಿತ್ತು. ಮುಂದಿನ ಗಾಲಿಗೆ ಮೂವತ್ತೆರಡು ಕಡ್ಡಿ. ಒಂದೊಂದನ್ನೂ ಉಗುರಿನಿಂದ ಮೀಟಿ, ಮೂವತ್ತೆರಡೂ ಒಂದೇ ಸ್ವರ ಹೇಳುವವರೆಗೆ ಬಿಗಿ ಮಾಡುತ್ತಿದ್ದೆ. ಗಾಲಿ ತಾನಾಗಿಯೇ ನೇರವಾಗುತ್ತಿತ್ತು. ಅಜ್ಜ ತಿರುಗಿಸಿ ನೋಡಿ, "ನಿನ್ನ ಕಿವ್ಯಾಗ ಕೀ ಐತೆ," ಎಂದು ನಕ್ಕಿದ್ದರು. ಹಿಂದಿನ ಗಾಲಿಗೆ ಮಾತ್ರ ನನ್ನನ್ನು ಬಿಡುತ್ತಿರಲಿಲ್ಲ. "ಅದರ ಲೆಕ್ಕ ಬ್ಯಾರೆ. ಮುಂದೆ ಹೇಳ್ತೀನಿ," ಎನ್ನುತ್ತಿದ್ದರು.

ಹರಿಹರದಿಂದ ಒಬ್ಬರು ಹಾಸಿಗೆ ಹೊಲಿಯುವ ಸಾಹೇಬರು ಬರುತ್ತಿದ್ದರು. ಹತ್ತಿ ಹಿಂಜುವ ಬಿಲ್ಲನ್ನು ಕ್ಯಾರಿಯರಿಗೆ ಕಟ್ಟಿಕೊಂಡು ದಾವಣಗೆರೆಯ ಓಣಿಗಳಲ್ಲಿ ಕೂಗುತ್ತಾ ತಿರುಗುವವರು. ಅವರ ಸೈಕಲ್ಲು ತಂದೆಯ ಕಾಲದ್ದು. ತಂದೆ ಹತ್ತಿ ಮಿಲ್ಲಿನಲ್ಲಿದ್ದಾಗ ಅಲ್ಲಿಯ ಎಂಜಿನಿಯರರೊಬ್ಬರು ಊರು ಬಿಡುವಾಗ ಕೊಟ್ಟುಹೋದದ್ದಂತೆ. ಪೂರಾ ವಿಲಾಯತಿ. ಸಾಹೇಬರು ಆ ಸೈಕಲ್ಲನ್ನು ನಿಮ್ಮ ಅಜ್ಜನ ಹೊರತು ಇನ್ನೊಬ್ಬರ ಕೈಗೆ ಕೊಟ್ಟವರಲ್ಲ. ಪರದೆಯ ಆಚೆಯಿಂದಲೇ, "ತಂಗೀ, ಒಂದು ಚೊಂಬು ನೀರು ಕೊಡು," ಎನ್ನುವರು. ನನ್ನನ್ನು ತಂಗಿ ಎಂದು ಕರೆಯುವವರು ಈ ಊರಿನಲ್ಲಿ ಅವರೊಬ್ಬರೇ.

ಒಮ್ಮೆ ಅವರು ಆ ಸೈಕಲ್ಲಿನ ಎರಡೂ ಗಾಲಿ ಸರಿಮಾಡಲು ಬಿಟ್ಟುಹೋದರು. ಅಜ್ಜ ಮುಂದಿನದನ್ನು ನನಗೆ ಕೊಟ್ಟು, ಹಿಂದಿನ ಗಾಲಿಯ ಕಡ್ಡಿಬುಡಕ್ಕೆಲ್ಲ ತುಕ್ಕು ಸಡಿಲಾಗಲೆಂದು ಸೀಮೆಎಣ್ಣೆ ಬಿಟ್ಟು, "ಇದನ್ನ ಮುಟ್ಟಬ್ಯಾಡ. ಬಂದ ಮ್ಯಾಲೆ ಇಬ್ರೂ ಕೂತು ಮಾಡೋಣ," ಎಂದು ಹೇಳಿ ತಮ್ಮ ಸಂಬಂಧಿಕರ ಮದುವೆಗೆ ಎರಡು ದಿನ ಹೋದರು. ಮುಂದಿನ ಗಾಲಿ ಮಧ್ಯಾಹ್ನದೊಳಗೆ ಮುಗಿಯಿತು. ಅದು ಹಾಡುತ್ತಿತ್ತು. ನನಗೆ ಹಿಗ್ಗು ಬಂತು. ಅವರು ಬರುವಷ್ಟರಲ್ಲಿ ಹಿಂದಿನದನ್ನೂ ಮುಗಿಸಿ ಬೆರಗುಗೊಳಿಸಬೇಕು ಎಂದುಕೊಂಡೆ.

ಹಿಂದಿನ ಗಾಲಿಗೆ ನಲವತ್ತು ಕಡ್ಡಿ. ಮೀಟಿ ನೋಡಿದರೆ ಬಲಗಡೆಯವು ಮೇಲಿನ ಸ್ವರ, ಎಡಗಡೆಯವು ಇಳಿದ ಸ್ವರ. ಇಷ್ಟು ದಿನ ಯಾರೂ ಇದನ್ನು ಸರಿ ಮಾಡಿಲ್ಲವಲ್ಲ ಎಂದುಕೊಂಡು ಎಡಗಡೆಯವನ್ನು ಬಿಗಿ ಮಾಡತೊಡಗಿದೆ. ಸರಪಳಿ ಓಡುವ ಫ್ರೀವ್ಹೀಲ್ ಕೂಡುವ ಬಲಗಡೆ ಬಿಗಿ ಇರಬೇಕು, ಎಡಗಡೆ ಸಡಿಲ ಇರಬೇಕು, ಎರಡು ಕಡೆಗೂ ಒಂದೇ ಸ್ವರ ಬರಲೇಬಾರದು ಎಂಬುದು ನನಗೆ ಗೊತ್ತಿರಲಿಲ್ಲ. ಎಡಗಡೆ ಬಿಗಿಯಾದಂತೆ ರಿಮ್ಮು ಎಡಕ್ಕೆ ವಾಲಿತು. ಅದನ್ನು ಎಳೆಯಲು ಬಲಗಡೆ ಇನ್ನೂ ಬಿಗಿ ಮಾಡಿದೆ. ಸ್ವರ ಮತ್ತೆ ಬೇರೆಯಾಯಿತು. ಮತ್ತೆ ಎಡಗಡೆ. ಹೀಗೆ ಸಂಜೆಯವರೆಗೆ. ಕಡೆಗೆ ಕಡಲೆ ಒಡೆದಷ್ಟು ಸಣ್ಣ ಸದ್ದಾಯಿತು. ಆಮೇಲೆ ಇನ್ನೊಂದು. ಆಮೇಲೆ ಮತ್ತೊಂದು. ಬಗ್ಗಿ ನೋಡಿದರೆ ಮೂರು ಕಡ್ಡಿಬುಡಗಳ ಸುತ್ತ ರಿಮ್ಮು ಬಿರಿದಿತ್ತು.

ಅಂಥ ರಿಮ್ಮು ಮಂಡಿಪೇಟೆಯ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಅಜ್ಜ ಬರುವ ಮೊದಲೇ, ಆಗಿದೆಯೇ ಎಂದು ನೋಡಲು ಸಾಹೇಬರು ಮರುದಿನ ಸಂಜೆ ಬರುವವರಿದ್ದರು. ನಾನು ಅತ್ತೆ. ಅತ್ತದ್ದು ರಿಮ್ಮಿಗಲ್ಲ, ಪರದೆಯ ಆಚೆ ಬಂದು ಒಬ್ಬ ಗಂಡಸಿನ ಎದುರು ನಿಂತು "ನಾನು ಒಡೆದೆ" ಎನ್ನಬೇಕಲ್ಲ, ಅದಕ್ಕೆ. ಅಟ್ಟದ ಮೇಲೆ ನಲವತ್ತು ತೂತಿನ ಹಳೆಯ ರಿಮ್ಮೊಂದಿತ್ತು. ಅದನ್ನು ಇಳಿಸಿ, ಹುಣಸೆಹಣ್ಣು ಹಾಕಿ ತಿಕ್ಕಿ, ಸಾಹೇಬರ ಹಬ್ಬಿಗೇ ಅದನ್ನು ಕೂಡಿಸಿದೆ. ಈ ಸಲ ಸ್ವರ ಕೇಳಲಿಲ್ಲ, ಸೀಮೆಸುಣ್ಣದ ಗೀಟಷ್ಟೇ ನೋಡಿದೆ. ಗಾಲಿ ಸರಿಯಾಗಿ ಕೂಡಿತು. ಮರುದಿನ ಸಾಹೇಬರು ಬಂದಾಗ ಸೈಕಲ್ಲನ್ನು ಬಾಗಿಲ ಹೊರಗೆ ನಿಲ್ಲಿಸಿದ್ದೆ. ಒಳಗಿನಿಂದ, "ತಗೊಂಡು ಹೋಗ್ರಣ್ಣ, ಆಗೈತೆ," ಎಂದೆ. ಅವರು ಹತ್ತಿ ಹೋದರು.

ಒಡೆದ ರಿಮ್ಮನ್ನು ಅಟ್ಟಕ್ಕೆ ಹಾಕಿದೆ. ನಿಮ್ಮ ಅಪ್ಪ ಅದನ್ನು ಹುಡುಕಿ ಉರುಳಿಸಿದ. ಅವನಾದ ಮೇಲೆ ನೀವು.

ಅಜ್ಜನಿಗೆ ಗೊತ್ತಾಯಿತೋ ಇಲ್ಲವೋ ನಾನು ಹೇಳಲಾರೆ. ಮುಂದೊಮ್ಮೆ ಸಾಹೇಬರು ಪಂಕ್ಚರಿಗೆ ಬಂದಾಗ ಅಜ್ಜ ಆ ಗಾಲಿಯನ್ನು ಬಹಳ ಹೊತ್ತು ತಿರುಗಿಸುತ್ತಾ ನಿಂತಿದ್ದನ್ನು ಸಂದಿಯಿಂದ ನೋಡಿದ್ದೇನೆ. ಆಮೇಲೆ ಪರದೆಯ ಕಡೆ ಒಮ್ಮೆ ತಿರುಗಿದರು. ಅವತ್ತು ಊಟಕ್ಕೆ ಬಡಿಸಿ ನಾನು ಬೇಗ ಒಳಗೆ ಹೋದೆ.

ಅಜ್ಜ ಹೋಗಿ ಈಗ ನಾಲ್ಕು ವರ್ಷ. ಅಂಗಡಿಯಲ್ಲಿ ಗೇರಿನ ಸೈಕಲ್ಲುಗಳು ಬಂದಿವೆ. ಹಳೆಯ ಸೈಕಲ್ಲು ಕೂಡಿಹಾಕುವವರೂ ಬರುತ್ತಾರೆ. ಗುಜರಿಯಿಂದಲೋ ಯಾರದೋ ಅಟ್ಟದಿಂದಲೋ ಗಾಲಿ ತಂದು, ಇದು ಮೂಲದ್ದೋ ಬದಲಿಸಿದ್ದೋ ಎಂದು ಕೇಳುತ್ತಾರೆ. ನಿಮ್ಮ ಅಪ್ಪ, "ಅವ್ವನ ಕೈಗೆ ಕೊಡ್ರಿ, ಬೆರಳಾಡಿಸಿ ಜಾತಕ ಹೇಳ್ತಾಳೆ," ಎನ್ನುತ್ತಾನೆ. ಪರದೆ ಹೋಗಿ ಬಹಳ ದಿನವಾಯಿತು, ಆದರೂ ನಾನು ಅದೇ ಜಾಗದಲ್ಲಿ ಕುರ್ಚಿ ಹಾಕಿಕೊಳ್ಳುತ್ತೇನೆ.

ಈ ವರ್ಷ ಹರಿಹರದಲ್ಲಿ ಹಳೆಯ ಸೈಕಲ್ಲುಗಳನ್ನು ಸಾಲಾಗಿ ನಿಲ್ಲಿಸಿ ಜನರಿಗೆ ತೋರಿಸುವ ಏರ್ಪಾಡಾಗಿತ್ತು. ಅದನ್ನು ಮಾಡಿಸುತ್ತಿದ್ದವರು ಕಾಲೇಜಿನಿಂದ ನಿವೃತ್ತರಾದ ಒಬ್ಬ ಮೇಷ್ಟ್ರು. ಒಂದು ಬೆಳಿಗ್ಗೆ ಅವರು ಸಾಹೇಬರನ್ನೂ ಅವರ ಸೈಕಲ್ಲನ್ನೂ ಗೂಡ್ಸ್ ಆಟೋದಲ್ಲಿ ಕರೆತಂದರು. ಸಾಹೇಬರ ಗಡ್ಡ ಪೂರ್ತಿ ಬಿಳಿಯಾಗಿತ್ತು, ಮೊಣಕಾಲು ಮಡಚಲು ಬರುತ್ತಿರಲಿಲ್ಲ. ಮುಖದಲ್ಲಿ ಮಾತ್ರ ಮದುವೆಮನೆಯ ಕಳೆ.

"ತಂಗೀ, ಅಬ್ಬಾನ ಸೈಕಲ್ಲನ್ನ ಎಲ್ಲಾದ್ರಕ್ಕಿಂತ ಮುಂದೆ ನಿಲ್ಲಿಸ್ತಾರಂತೆ," ಎಂದರು. "ಒಂದೇ ಒಂದು ಸಾಮಾನೂ ಬದಲಾಗಿರಬಾರದು ಅಂತೆ. ಆಗಿಲ್ಲ ಅಂತ ನಾ ಕಸಮ್ ಹಾಕೇನಿ. ಓಣಿ ತುಂಬ ಹೇಳ್ಕೊಂಡು ಬಂದೇನಿ. ನೀ ಒಮ್ಮೆ ಕೈಯಾಡಿಸಿ ಹ್ಞೂಂ ಅಂದುಬಿಡು."

ಮೇಷ್ಟ್ರು ನಕ್ಕು, "ಇವ್ರು ದಾರಿಯೆಲ್ಲ ಇದನ್ನೇ ಹೇಳಿದ್ದಾರ್ರಿ. ಹೆಣ್ಣು ತೋರ್ಸಾಕೆ ಬಂದಂಗೆ ಆಗೈತೆ ನಮ್ಗೆ," ಎಂದರು.

ಮುಂದಿನ ಗಾಲಿ ತಿರುಗಿಸಿದೆ. ವಾಲ್ವು ಕೆಳಗೆ ಬಂದು ತೂಗಿ ನಿಂತಿತು. ಹಿಂದಿನ ಗಾಲಿಯ ಹತ್ತಿರ ಸರಿದು ಬೆರಳಿಟ್ಟೆ. ಒಳಮೈ ಮೇಲೆ ಎಳೆದೆ. ಅಕ್ಕಿಕಾಳು ಅಲ್ಲೇ ಇತ್ತು. ಮೇಷ್ಟ್ರು ಮೊಬೈಲಿನ ಬೆಳಕು ಬಿಟ್ಟು ನನ್ನ ಬೆರಳನ್ನೇ ನೋಡುತ್ತಿದ್ದರು. ಸುಳ್ಳು ಹೇಳಿದರೂ ಅವರಿಗೆ ತಿಳಿಯುತ್ತಿತ್ತು.

"ಹಬ್ಬು ಮೂಲದ್ದು. ರಿಮ್ಮು ಬ್ಯಾರೆ," ಎಂದೆ.

ಸಾಹೇಬರು ನನ್ನನ್ನೇ ನೋಡಿದರು. "ಬ್ಯಾರೆ ಹೆಂಗಾಗ್ತೈತೆ? ನಿಮ್ಮ ಯಜಮಾನ್ರ ಕೈ ಬಿಟ್ರೆ ಇದರ ಮ್ಯಾಲೆ ಯಾರ ಕೈನೂ ಬಿದ್ದಿಲ್ಲ."

ಮೇಷ್ಟ್ರು ಹಗುರವಾಗಿ, ಕೆಟ್ಟ ಮನಸ್ಸಿನಿಂದ ಅಲ್ಲ, "ಹೋಗ್ಲಿ ಬಿಡ್ರಿ ಸಾಹೇಬ್ರೆ. ಹಳೇ ಕಾಲದ ಮಿಸ್ತ್ರಿಗಳು ಒಳ್ಳೇ ಸಾಮಾನು ಕಂಡ್ರೆ ಬಿಡ್ತಿದ್ರಾ? ಎತ್ತಿಟ್ಕೊಂಡು ಬ್ಯಾರೆ ಹಾಕಿ ಕಳಿಸೋರು," ಎಂದರು.

ಈಗ ಹೇಳು, ಈಗ ಹೇಳು ಎಂದು ಒಳಗೊಳಗೇ ಅಂದುಕೊಂಡೆ. ನಾನು ಎದ್ದು, "ಚಾ ಮಾಡ್ತೀನಿ," ಎಂದು ಒಳಗೆ ಹೋದೆ. ಚಾ ಮಾಡಿದೆ ಕೂಡ. ಹೊರಗೆ ತರುವಷ್ಟರಲ್ಲಿ ಆಟೋ ಹೋಗಿತ್ತು. ಸಾಹೇಬರು ಇಷ್ಟು ವರ್ಷದಲ್ಲಿ ನಮ್ಮ ಮನೆಯಲ್ಲಿ ನೀರೂ ಕುಡಿಯದೆ ಹೋದದ್ದು ಅದೇ ಮೊದಲು. ನಿಮ್ಮ ಅಪ್ಪ ಸ್ಪ್ಯಾನರು ಒರೆಸುತ್ತಾ ತಲೆ ಎತ್ತದೆ, "ಅಪ್ಪಾಜಿ ಹಂಗೆ ಮಾಡಿರ್ತಾರೇನವ್ವಾ?" ಎಂದು ಕೇಳಿದ. ನಾನು ಲೋಟಗಳನ್ನು ತೊಳೆಯಲು ಕುಳಿತೆ.

ನಾಲ್ಕು ದಿನ ಹೀಗೇ ಇದ್ದೆ. ಅವರ ಹೆಸರು ನನ್ನ ಕೆಲಸದಿಂದ ಬೆಳೆದಾಗ ಪರದೆಯ ಹಿಂದೆ ಸುಮ್ಮನಿದ್ದೆ, ಅದರಲ್ಲಿ ತಪ್ಪೇನೂ ಇರಲಿಲ್ಲ. ನನ್ನ ಕೆಲಸದಿಂದಲೇ ಅವರಿಗೆ ಕಳ್ಳನ ಹೆಸರು ಬಂದಾಗಲೂ ಅದೇ ಪರದೆಯ ಹಿಂದೆ ನಿಂತೆ. ಮೊದಲಿನದು ಎಳೆಯ ವಯಸ್ಸಿನ ಹೆದರಿಕೆ ಎನ್ನಬಹುದು. ಇದಕ್ಕೆ ಏನು ಹೇಳಲಿ? ನನ್ನ ಕೂದಲು ನೆರೆತಿದೆ, ಎದುರಿಗೆ ಮಾತಾಡಲಾಗದ ಗಂಡನ ಫೋಟೋ ಇದೆ.

ನಾಲ್ಕನೆಯ ದಿನ ಮಧ್ಯಾಹ್ನ, ಚಿನ್ನು, ನೀನು ಶಾಲೆಯ ಚೀಲವನ್ನೂ ಇಳಿಸದೆ ನನ್ನ ಹತ್ತಿರ ಬಂದು ಕೇಳಿದೆ. "ಅಜ್ಜೀ, ಅಜ್ಜ ಸಾಬ್ ತಾತಂದು ಗಾಲಿ ಕದ್ದಿದ್ರಾ?"

ಯಾರು ಹೇಳಿದರು ಎಂದು ನಿನ್ನನ್ನು ಗದರಿದೆ. ನೆನಪಿದೆಯಾ? ನೀನು ಅತ್ತೆ. ಅದಕ್ಕೂ ಸೇರಿಸಿ ಈ ಕಾಗದ.

ಮರುದಿನ ಬೆಳಿಗ್ಗೆ ರಿಮ್ಮಿನ ಮಣ್ಣು ತೊಳೆದೆ. ವಾಲ್ವಿನ ತೂತಿನ ಹತ್ತಿರ ಉಜ್ಜಿದಾಗ ಕಂಪನಿಯ ಹೆಸರು ಕೊರೆದ ಇಂಗ್ಲಿಷ್ ಅಕ್ಷರಗಳು ಎದ್ದವು. ಮೂರು ಬಿರುಕುಗಳೂ ಎದ್ದವು. ನಿಮ್ಮ ಅಪ್ಪನಿಗೆ ಮಂಡಿಪೇಟೆಗೆ ಹೋಗಿಬರುತ್ತೇನೆಂದು ಸುಳ್ಳು ಹೇಳಿ ಹರಿಹರದ ಬಸ್ಸು ಹತ್ತಿದೆ. ಕಂಡಕ್ಟರು ನನ್ನನ್ನೂ ರಿಮ್ಮನ್ನೂ ನೋಡಿ, "ಅಜ್ಜಿ, ಹೆಣ್ಮಕ್ಳಿಗೆ ಫ್ರೀ ಐತೆ. ಗಾಲಿ ಗಂಡೋ ಹೆಣ್ಣೋ ನೀವೇ ಹೇಳ್ರಿ," ಎಂದ. ಬಸ್ಸಿನವರೆಲ್ಲ ನಕ್ಕರು. ಬೇರೆ ದಿನವಾಗಿದ್ದರೆ ನಾಚಿಕೆಯಿಂದ ಇಳಿದುಬಿಡುತ್ತಿದ್ದೆ. ಅವತ್ತು ಅದಕ್ಕಿಂತ ದೊಡ್ಡ ನಾಚಿಕೆ ತೊಡೆಯ ಮೇಲಿತ್ತು.

ಸಾಹೇಬರ ಮನೆಯನ್ನು ಕೇಳಿಕೊಂಡು ಹೋದೆ. ಅಂಗಳದಲ್ಲಿ ಸೈಕಲ್ಲಿಗೆ ಹಳೆಯ ಚಾದರ ಹೊದಿಸಿತ್ತು. ಅವರು ಮಂಚದ ಮೇಲೆ ಕುಳಿತಿದ್ದರು, ಹೆಂಡತಿ ಅಕ್ಕಿ ಆರಿಸುತ್ತಿದ್ದರು. ನಾನು ರಿಮ್ಮನ್ನು ಸಾಹೇಬರ ಕಾಲ ಬಳಿ ಇಟ್ಟೆ.

"ಇದು ನಿಮ್ದು. ನನ್ ಕೈಯಾಗೆ ಒಡೀತು. ಅವ್ರು ಊರಾಗಿರಲಿಲ್ಲ. ಅವ್ರು ಬ್ಯಾಡ ಅಂದಿದ್ರು. ನಾನೇ ಬ್ಯಾರೆ ಹಾಕಿ ಕೊಟ್ಟೆ," ಎಂದೆ.

ಸಾಹೇಬರು ರಿಮ್ಮನ್ನು ಎತ್ತಿ ಮಂಡಿಯ ಮೇಲೆ ಇಟ್ಟುಕೊಂಡರು. ಬಿರುಕುಗಳ ಮೇಲೆ ಹೆಬ್ಬೆರಳು ಇಟ್ಟರು. ಆ ಕಾಲದಲ್ಲೇ ನಾನು ಗಾಲಿ ಕೆಲಸ ಮಾಡುತ್ತಿದ್ದೆ ಎಂಬುದೇ ಅವರಿಗೆ ಹೊಸದು.

"ಆ ಪರದೆ ಹಿಂದೆ?" ಎಂದರು.

"ಹ್ಞೂಂ."

ಅವರ ಹೆಂಡತಿ ಮೊರ ಕೆಳಗಿಟ್ಟು, "ಇಷ್ಟ್ ವರ್ಷ ಯಾಕೆ ಹೇಳಿಲ್ರಿ ಅಮ್ಮಾ? ಕಬ್ಬಿಣ ಅಲ್ವಾ, ಒಡೀತೈತೆ," ಎಂದರು.

"ಒಡೆದಿದ್ದಕ್ಕೆ ಏನಿಲ್ಲ," ಎಂದರು ಸಾಹೇಬರು. ಅವರ ಧ್ವನಿ ಏರಲಿಲ್ಲ. "ಅವತ್ತು ಹೇಳಿದ್ರೂ ಏನಿಲ್ಲ, ಇವತ್ತು ಹೇಳಿದ್ರೂ ಏನಿಲ್ಲ. ಮೊನ್ನೆ ನಾನು ನಿಮ್ಮ ಮನ್ಯಾಗೆ ಕುಂತಿದ್ದೆನಲ್ಲ, ಆ ಮೇಷ್ಟ್ರು ಹಂಗಂದ್ರು. ನೀವು ಚಾ ಮಾಡಾಕೆ ಎದ್ರಿ. ಹೌದೇನೋ ಅಂದ್ಕೊಂಡೆ. ಐದು ಹೊತ್ತಿನ ನಮಾಜಿನಾಗೂ ಆ ಮನುಷ್ಯನಿಗೆ ದುವಾ ಮಾಡ್ತಿದ್ದೆ ನಾನು. ನಾಲ್ಕು ದಿನ ಅವರ ಹೆಸರು ಬಾಯಿಗೆ ಬರಲಿಲ್ಲ. ಅದಕ್ಕೆ ನಾ ಯಾರ ಹತ್ರ ಮಾಫಿ ಕೇಳ್ಲಿ, ಹೇಳ್ರಿ."

ಅವರು "ನೀವು" ಎಂದದ್ದು ನನ್ನ ಕಿವಿಗೆ ಬಿದ್ದಿತ್ತು.

ಆಮೇಲೆ ಅವರು, ಈ ರಿಮ್ಮನ್ನು ಮತ್ತೆ ಹಾಕಬಹುದೇ ಎಂದು ಕೇಳಿದರು. ಹತ್ತುವ ಹಾಗಿಲ್ಲ, ನಿಲ್ಲಿಸಲು ಆದೀತು, ಕಡ್ಡಿ ಸಡಿಲವಾಗಿ ಕೂಡಿಸಬೇಕು ಎಂದೆ. "ಕೂಡಿಸಿ ಕೊಡ್ರಿ. ಒಡೆದಿದ್ದು ಮಾತ್ರ ಮುಚ್ಚಬ್ಯಾಡ್ರಿ," ಎಂದರು.

ಮನೆಗೆ ಬಂದು ನಿಮ್ಮ ಅಪ್ಪನಿಗೆ ಎಲ್ಲ ಹೇಳಿದೆ. ಅವನು ತಾನೇ ಹರಿಹರಕ್ಕೆ ಹೋಗಿ ಆ ಹಿಂದಿನ ಗಾಲಿ ಬಿಚ್ಚಿಕೊಂಡು ಬಂದ. ಅದನ್ನು ನಾನು ಒಳಗೆ ಮಾಡಲಿಲ್ಲ. ಫೋರ್ಕಿನ ಹಲಗೆಯನ್ನು ಅಂಗಡಿಯ ಮುಂದಿನ ಕಟ್ಟೆಗೆ ತಂದು, ಬೀದಿಗೆ ಮುಖ ಮಾಡಿ ಕುಳಿತೆ. ಕಾಲೇಜಿನ ಹುಡುಗಿಯರು ನಿಂತು ನೋಡಿದರು, ತರಕಾರಿಯವನು ಗಾಡಿ ನಿಲ್ಲಿಸಿ ನೋಡಿದ. ಬಲಗಡೆ ಸ್ವಲ್ಪ ಬಿಗಿ, ಎಡಗಡೆ ಸಡಿಲ. ನಲವತ್ತು ಕಡ್ಡಿಗಳನ್ನೂ ಮೀಟಿದೆ. ಎರಡು ಕಡೆಯವೂ ಬೇರೆ ಬೇರೆ ಸ್ವರ ಹೇಳಿದವು. ತಿರುಗಿಸಿ ಬಿಟ್ಟಾಗ ಗಾಲಿ ಬಿರುಕಿನ ಹತ್ತಿರ ಒಂದಿಷ್ಟು ಹೊರಳುತ್ತಿತ್ತು. ಅದನ್ನು ಹಾಗೇ ಬಿಟ್ಟೆ.

ಹರಿಹರದಲ್ಲಿ ಆ ಸೈಕಲ್ಲು ಮುಂದೆ ನಿಲ್ಲಲಿಲ್ಲ. ಸಾಲಿನ ಕೊನೆಯ ಹತ್ತಿರ ನಿಂತಿತ್ತು. ಮೇಷ್ಟ್ರು ಚೀಟಿಯಲ್ಲಿ "ಹಿಂದಿನ ರಿಮ್ ರಿಪೇರಿಯಲ್ಲಿ ಒಡೆದಿದೆ" ಎಂದು ಬರೆದು ಅಂಟಿಸಿದ್ದರು. ಅವರಿಗೆ ನಿಜವನ್ನು ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ, "ನಾನೂ ಹಗುರಾಗಿ ಮಾತಾಡಿಬಿಟ್ಟೆ ಅವತ್ತು," ಎಂದರು. ನೋಡಲು ಬಂದವರೊಬ್ಬರು ಚೀಟಿ ಓದಿ, "ಯಾವನ್ರೀ ಅವನು ಒಡೆದೋನು?" ಎಂದಾಗ ನಾನೇ ಹೇಳಿದೆ, "ನಾನ್ರಿ." ಅವರು ತಮಾಷೆ ಎಂದು ತಿಳಿದು ನಕ್ಕು ಮುಂದೆ ಹೋದರು. ಮುಂಚೂಣಿಯಲ್ಲಿ ಬೇರೆ ಯಾರದೋ ಸೈಕಲ್ಲಿಗೆ ಹೂವಿನ ಹಾರ ಹಾಕಿದ್ದರು. ಸಾಹೇಬರು ಅತ್ತ ಒಮ್ಮೆ ನೋಡಿದ್ದು ನನಗೆ ಕಾಣಿಸಿತು.

ಹೊರಡುವಾಗ ಅವರು, "ಬರ್ರಿ ಅಮ್ಮಾರೆ, ಚಾ ಕುಡುದು ಹೋಗ್ರಿ," ಎಂದು ಕರೆದರು. ಕುಡಿದೆ. ಚಾ ಚೆನ್ನಾಗಿತ್ತು, ಮಾತೂ ಚೆನ್ನಾಗಿತ್ತು. ತಂಗಿ ಎಂದು ಮಾತ್ರ ಕರೆಯಲಿಲ್ಲ. ಅಂದಿನಿಂದ ಕರೆದಿಲ್ಲ.

ರಿಮ್ಮು ಈಗ ಅವರ ಸೈಕಲ್ಲಿನಲ್ಲೇ ಇದೆ. ನಿಮಗೆ ಉರುಳಿಸಲು ಬೇರೆ ಕೊಡುತ್ತೇನೆ, ಅಟ್ಟದಿಂದ ಇಳಿಸಿ ನಾನು ಸಾಹೇಬರಿಗೆ ಹಾಕಿಕೊಟ್ಟಿದ್ದನ್ನು ನಿಮ್ಮ ಅಪ್ಪ ತಂದಿದ್ದಾನೆ. ಬೆಸುಗೆಯ ಹತ್ತಿರ ಬೆರಳು ಆಡಿಸಿ ನೋಡಿ, ಅಕ್ಕಿಕಾಳು ಸಿಗುತ್ತದೆ. ಸಿಕ್ಕಾಗ, ಹೊಳಪು ನೋಡಿ ಮೋಸಹೋಗಬೇಡ ಎಂಬ ಅಜ್ಜನ ಮಾತು ನೆನಪಾಗಲಿ.

ಈ ಹಾಳೆಗಳನ್ನು ಅಜ್ಜ ಕಡ್ಡಿ ಕೀ ಇಡುತ್ತಿದ್ದ ತಗಡಿನ ಡಬ್ಬಿಯಲ್ಲಿ ಇಡುತ್ತೇನೆ. ಎಣ್ಣೆ ತಾಗದಂತೆ ಪ್ಲಾಸ್ಟಿಕ್ ಸುತ್ತಿದ್ದೇನೆ. ಅಂಗಡಿ ಮುಂದೆ ಇರಲಿ ಬಿಡಲಿ, ಮನೆ ಬದಲಾಗಲಿ, ಡಬ್ಬಿಯನ್ನು ಗುಜರಿಗೆ ಹಾಕಬೇಡಿ. ಊರಲ್ಲಿ ಒಮ್ಮೆ ಎದ್ದ ಮಾತು ಎಲ್ಲೋ ಯಾರ ಬಾಯಲ್ಲೋ ಉಳಿದಿರುತ್ತದೆ. ನಿಮ್ಮ ಅಜ್ಜ ಕದ್ದರು ಎಂದು ಯಾರಾದರೂ ಅಂದರೆ ನಿಮ್ಮ ಹತ್ತಿರ ನನ್ನ ಕೈಬರಹ ಇರಲಿ. ನಾಚಿಕೆ ನನ್ನದು, ಅವರದಲ್ಲ. ಅಷ್ಟಕ್ಕಾಗಿ ಇದನ್ನು ಜೋಪಾನ ಮಾಡಿ.